ಠಾಗೋರ್ ನಗರದಿಂದ ಠಾಗೋರ್ ಕಡಲತೀರಕ್ಕೆ

ಬೆಂಗಳೂರಿನ ಆರ್.ಟಿ. ನಗರದ ನಿವಾಸಿಗಳಲ್ಲಿ ಅನೇಕರಿಗೆ ತಮ್ಮ ಬಡಾವಣೆಯ ಪೂರ್ಣನಾಮ ಮರೆತೇಹೋಗಿದೆ. ರವೀಂದ್ರನಾಥ ಠಾಗೋರ್ ನಗರವೆಂಬ ನೀಳವಾದ ಹೆಸರು ಅಂಗಡಿಗಳ ಫಲಕಗಳಲ್ಲಿ, ಬಸ್ಸುಗಳ ಹಣೆಯ ಮೇಲೆ, ನಿರ್ವಾಹಕರ ನಾಲಗೆಯಲ್ಲಿ ಸವೆದು ಎರಡಕ್ಷರಕ್ಕೆ ಬಂದು ನಿಂತಿದೆ. ಅದೇ ಮಹಾಕವಿಯ ಹೆಸರನ್ನು ಹೊತ್ತ ಇನ್ನೊಂದು ಸ್ಥಳವೂ ಕನ್ನಡ ನಾಡಿನಲ್ಲಿದೆ. ಪಡುಗಡಲ ಅಂಚಿನ ಕಾರವಾರದ ಮರಳದಂಡೆಗೆ ರವೀಂದ್ರನಾಥ ಠಾಗೋರ್ ಕಡಲತೀರವೆಂದು ಹೆಸರು. ಆ ಠಾಗೋರ್ ನಗರದಿಂದ ಈ ಠಾಗೋರ್ ತೀರಕ್ಕೆ 2023ರ ಮಾರ್ಚ್ ತಿಂಗಳ ಕೊನೆಯಲ್ಲಿ ಐದು ಜನರ ಸಂಸಾರವೊಂದು ಪ್ರಯಾಣ ಹೊರಟಿತು.

ತಂದೆ, ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಏಳನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ. ಪ್ರವಾಸಕ್ಕೆ ಕಾರಣಗಳು ಎರಡು. ಮೊದಲನೆಯದು ಅಜ್ಜಿ. ಯಲಹಂಕದಲ್ಲಿ ಹುಟ್ಟಿ, ಹೆಬ್ಬಾಳಕ್ಕೆ ಸೊಸೆಯಾಗಿ ಬಂದ ಅವರು ಜೀವಮಾನದಲ್ಲಿ ಕಂಡ ದೊಡ್ಡ ನೀರೆಲ್ಲ ಕೆರೆಯ ನೀರೇ. ಸಮುದ್ರವೆಂಬುದು ಅವರಿಗೆ ಪುರಾಣದ ಮಾತಾಗಿತ್ತು. ಎರಡನೆಯ ಕಾರಣವನ್ನು ಹಿರಿಯರು ಮಕ್ಕಳೆದುರು ಆಡುತ್ತಿರಲಿಲ್ಲ. ಬಾಡಿಗೆಯ ಮನೆಯನ್ನು ಮೇ ತಿಂಗಳೊಳಗೆ ತೆರವು ಮಾಡಿಕೊಡಬೇಕೆಂದು ಮನೆಯ ಯಜಮಾನರು ತಿಳಿಸಿದ್ದರು. ಮಕ್ಕಳು ಹುಟ್ಟಿದ ಮೇಲೆ ಅದು ನಾಲ್ಕನೆಯ ಮನೆ. ಹೊಸ ಮನೆ ಹುಡುಕುವ ಅಲೆದಾಟ ಆರಂಭವಾಗುವ ಮೊದಲು ನಾಲ್ಕು ದಿನ ಎಲ್ಲಿಯಾದರೂ ನೆಮ್ಮದಿಯಾಗಿ ಕಳೆದುಬರೋಣವೆಂದು ತಾಯಿ ಹೇಳಿದ್ದರು.

ಘಟ್ಟದ ಈಚೆ, ಘಟ್ಟದ ಆಚೆ

ಯಶವಂತಪುರದಿಂದ ಬೆಳಿಗ್ಗೆ ಹೊರಡುವ ರೈಲನ್ನೇ ಅವರು ಆರಿಸಿಕೊಂಡರು. ಹಗಲಿನಲ್ಲಿ ಘಟ್ಟ ಇಳಿಯುವುದನ್ನು ನೋಡಬೇಕೆಂಬುದು ಮಕ್ಕಳ ಹಟ. ಪುಳಿಯೋಗರೆ, ಮೊಸರನ್ನ, ಒಂದು ತಗಡಿನ ಡಬ್ಬಿಯ ತುಂಬ ಕೋಡುಬಳೆ ಜೊತೆಗೆ ಬಂದವು. ಹಾಸನ ದಾಟುವ ಹೊತ್ತಿಗೆ ಕೋಡುಬಳೆ ಅರ್ಧಕ್ಕೆ ಇಳಿದಿತ್ತು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೊಮೀಟರ್ ದಾರಿಯಲ್ಲಿ 57 ಸುರಂಗಗಳಿವೆ. ರೈಲು ಕತ್ತಲೆಗೆ ನುಗ್ಗಿದಾಗಲೆಲ್ಲ ಮಕ್ಕಳು ಕೂಗಿ ಎಣಿಸಿದರು. ಮಗನ ಲೆಕ್ಕ ನಲವತ್ತೊಂಬತ್ತಕ್ಕೆ ನಿಂತಿತು, ಮಗಳದು ಅರವತ್ತೊಂದಕ್ಕೆ ಮುಟ್ಟಿತು. ಜಗಳ ಬಿಡಿಸುವ ಸಲುವಾಗಿ ತಂದೆ ಮಾತನ್ನು ನೀರಿನ ಕಡೆಗೆ ತಿರುಗಿಸಿದರು. ಹೆಬ್ಬಾಳದ ಕೆರೆಯ ನೀರು ಕಡಲಿಗೆ ಹೋಗುತ್ತದೆಯೇ ಎಂದು ಮಗ ಬೆಳಿಗ್ಗೆಯಿಂದ ಕೇಳುತ್ತಲೇ ಇದ್ದ. ಹೋಗುತ್ತದೆ, ಆದರೆ ಈ ಕಡಲಿಗಲ್ಲ. ಹೆಬ್ಬಾಳದ ಕೋಡಿ ಹರಿದರೆ ಅದು ದಕ್ಷಿಣ ಪಿನಾಕಿನಿಯನ್ನು ಕೂಡಿ, ತಮಿಳುನಾಡನ್ನು ಹಾದು, ಮೂಡಣದ ಬಂಗಾಳ ಕೊಲ್ಲಿಗೆ ಸೇರುತ್ತದೆ. ಘಟ್ಟದ ನೆತ್ತಿಯೇ ನಿಸರ್ಗ ಹಾಕಿದ ಗಡಿ. ನೆತ್ತಿಯ ಈಚೆ ಬಿದ್ದ ಹನಿ ಮೂಡಲಿಗೆ, ಆಚೆ ಬಿದ್ದ ಹನಿ ಪಡುವಲಿಗೆ. ಕಿಟಕಿಯ ಹೊರಗೆ ಬಂಡೆಗಳ ಮೇಲೆ ಇಳಿಯುತ್ತಿದ್ದ ತೊರೆಗಳೆಲ್ಲ ಅಷ್ಟು ಹೊತ್ತಿಗೆ ಪಡುವಲ ಕಡೆಗೇ ಮುಖ ಮಾಡಿದ್ದವು.

ಮಂಗಳೂರನ್ನು ಬಿಟ್ಟ ಮೇಲೆ ರೈಲು ಕಡಲಿನ ಮಗ್ಗುಲಲ್ಲಿಯೇ ಉತ್ತರಕ್ಕೆ ಸಾಗಿದರೂ ಕಡಲು ಸುಲಭವಾಗಿ ಕಾಣಿಸದು. ತೆಂಗಿನ ತೋಟಗಳೂ ಗುಡ್ಡಗಳೂ ಅದನ್ನು ಮರೆಮಾಡುತ್ತವೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ, ಕೊಂಕಣ ರೈಲುಮಾರ್ಗದಲ್ಲಿಯೇ ಅತಿ ಉದ್ದವಾದದ್ದು, ಎರಡು ಕಿಲೊಮೀಟರಿಗೂ ಮಿಕ್ಕದ್ದು. ಅದು ಕತ್ತಲೆಯಲ್ಲಿ ಸದ್ದಾಗಿ ಮಾತ್ರ ಹಾದುಹೋಯಿತು. ಕಾರವಾರ ಸೇರಿದಾಗ ರಾತ್ರಿ ಬಹಳ ಹೊತ್ತಾಗಿತ್ತು. ವಸತಿಗೃಹದ ಕೋಣೆಯಲ್ಲಿ ದೀಪ ಆರಿಸಿದ ಮೇಲೆ ಅಜ್ಜಿ ಕೇಳಿದರು: “ಹೊರಗೆ ಮಳೆ ಬರುತ್ತಿದೆಯೇನೋ?”

“ಮಳೆಯಲ್ಲಮ್ಮ, ಅದೇ ಕಡಲು” ಎಂದರು ತಂದೆ. ಅಜ್ಜಿ ಬಹಳ ಹೊತ್ತು ನಿದ್ದೆ ಮಾಡದೆ ಕೇಳುತ್ತ ಮಲಗಿದ್ದರು.

ಏರಿಯಿಲ್ಲದ ಕೆರೆ

ಮುಂಜಾನೆ ಗಾಳಿಮರಗಳ ಸಾಲನ್ನು ದಾಟಿ ಎಲ್ಲರೂ ದಂಡೆಗೆ ಬಂದರು. ಅಜ್ಜಿ ನೀರಿನ ಅಂಚಿನಲ್ಲಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. ಬಗ್ಗಿ ಬೊಗಸೆ ನೀರು ತೆಗೆದು ತಲೆಗೆ ಪ್ರೋಕ್ಷಿಸಿಕೊಂಡರು. ಅನಂತರ ಮಗನನ್ನು ಕರೆದು, “ಇದಕ್ಕೆ ಏರಿ ಎಲ್ಲಿದೆ?” ಎಂದರು. ಕೆರೆಯ ನಾಡಿನಲ್ಲಿ ಬಾಳಿದ ಜೀವ. ನೀರೆಂದ ಮೇಲೆ ಅದನ್ನು ಯಾರೋ ಪುಣ್ಯಾತ್ಮರು ಕಟ್ಟಿ ನಿಲ್ಲಿಸಿರಬೇಕು, ಅದಕ್ಕೆ ತೂಬಿರಬೇಕು, ಕೋಡಿಯಿರಬೇಕು. ಕಟ್ಟದೆಯೂ ನಿಂತ ನೀರನ್ನು ಅವರು ಕಂಡದ್ದು ಅದೇ ಮೊದಲು.

ಅಲೆ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಮೊದಲ ಆಶ್ಚರ್ಯ ಕಾದಿತ್ತು. ಸಾಸಿವೆಗಿಂತ ತುಸು ದಪ್ಪನಾದ ಮರಳಿನ ಉಂಡೆಗಳು ಸಾವಿರಾರು. ಪ್ರತಿಯೊಂದು ಪುಟ್ಟ ಬಿಲದ ಸುತ್ತ ಸೂರ್ಯನ ಕಿರಣಗಳಂತೆ ಸಾಲುಸಾಲಾಗಿ ಹರಡಿದ್ದವು. ಉಗುರಿನಷ್ಟೂ ದೊಡ್ಡದಲ್ಲದ ಏಡಿಗಳ ಕೆಲಸ ಅದು. ಇಳಿತದ ವೇಳೆಯಲ್ಲಿ ಅವು ಹೊರಬಂದು, ಮರಳನ್ನು ಬಾಯಿಗೆ ತುಂಬಿಕೊಂಡು, ಅದಕ್ಕೆ ಅಂಟಿದ ಆಹಾರದ ಕಣಗಳನ್ನು ಹೀರಿ, ಉಳಿದದ್ದನ್ನು ಉಂಡೆ ಕಟ್ಟಿ ಇಡುತ್ತವೆ. ಉಬ್ಬರ ಬಂದೊಡನೆ ಎಲ್ಲವೂ ಅಳಿಸಿಹೋಗುತ್ತದೆ. ಮರುದಿನ ಮತ್ತೆ ಮೊದಲಿನಿಂದ. ಅಜ್ಜಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಉಂಡೆಗಳಿಲ್ಲದ ಜಾಗವನ್ನು ಹುಡುಕಿ ಹುಡುಕಿ ಹೆಜ್ಜೆಯಿಟ್ಟರು. “ಯಾರದೋ ಮನೆಯ ಮುಂದಿನ ರಂಗವಲ್ಲಿ. ತುಳಿಯಬಾರದು” ಎಂದರು. ಮಕ್ಕಳೂ ಹಾಗೆಯೇ ಕುಪ್ಪಳಿಸುತ್ತ ಹಿಂಬಾಲಿಸಿದರು.

ಸ್ವಲ್ಪ ದೂರದಲ್ಲಿ ರಂಪಣಿ ಬಲೆಯನ್ನು ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಕಡಲಿನೊಳಗೆ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಅದರ ಎರಡು ತುದಿಗಳನ್ನು ದಂಡೆಯ ಮೇಲೆ ನಿಂತ ಜನ ಸೇರಿ ಎಳೆಯುವ ಪದ್ಧತಿ ಇದು. ಒಂದು ಬಲೆಗೆ ಇಡೀ ಕೇರಿಯ ರಟ್ಟೆಬಲ ಬೇಕು. ಬಲೆ ಸಮೀಪಿಸಿದಂತೆ ಬಂಗಡೆ, ತಾರ್ಲೆ ಮೀನುಗಳು ಬೆಳ್ಳಿಯಂತೆ ಚಿಮ್ಮಿದವು. ಮೇಲೆ ಕೆಂಗಂದು ಮೈ, ಬಿಳಿ ತಲೆಯ ಹಕ್ಕಿಗಳು ಸುತ್ತು ಹಾಕಿ ಎರಗುತ್ತಿದ್ದವು. ಮಗ ಕುಣಿದಾಡಿದ: “ಅಜ್ಜೀ, ಹೆಬ್ಬಾಳದ ಗರುಡ ಇಲ್ಲಿಗೂ ಬಂದಿದೆ!” ಕೆರೆಯ ಮೀನನ್ನೂ ಕಡಲಿನ ಮೀನನ್ನೂ ಸಮಭಾವದಿಂದ ಕಾಣುವ ಹಕ್ಕಿ ಅದು. ಪರಸ್ಥಳದಲ್ಲಿ ಪರಿಚಿತರನ್ನು ಕಂಡಂತೆ ಅಜ್ಜಿ ಕೈಮುಗಿದರು.

ಇದೇ ದಂಡೆಯಲ್ಲಿ 1882ರ ಸುಮಾರಿಗೆ, ಇಪ್ಪತ್ತೊಂದರ ಆಸುಪಾಸಿನ ತರುಣ ರವೀಂದ್ರನಾಥರು ತಿರುಗಾಡಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿಯ ಜಿಲ್ಲಾ ನ್ಯಾಯಾಧೀಶರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ಮಾಡಿದ ದೋಣಿಯಾನವನ್ನು ಕವಿ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಹುಟ್ಟಿದ್ದೂ ಇಲ್ಲಿಯೇ. ಲೋಕದ ಹಂಗನ್ನು ಕಡಿದುಕೊಂಡೆನೆಂದು ಬೀಗುವ ಸನ್ಯಾಸಿಯೊಬ್ಬನು ಅನಾಥ ಬಾಲಿಕೆಯೊಬ್ಬಳ ಪ್ರೀತಿಗೆ ಸಿಕ್ಕಿ, ಕಿರಿದರಲ್ಲಿಯೇ ಹಿರಿದನ್ನು ಕಾಣುವ ಕಥೆ ಅದು. ಮಗಳಿಗೆ ಈ ಕಥೆ ಹಿಡಿಸಿತು. ಮಗನಿಗೆ ಮಾತ್ರ ದಂಡೆಯ ಮೇಲೆ ಪ್ರದರ್ಶನಕ್ಕಿಟ್ಟ ‘ಚಾಪಲ್’ ಯುದ್ಧನೌಕೆಯೇ ಹೆಚ್ಚಾಯಿತು.

ಬೆನ್ನಟ್ಟಿದರೆ ಸಿಗದವು

ಎರಡನೆಯ ದಿನ ದೋಣಿಯಲ್ಲಿ ಕೂರ್ಮಗಡದ ಕಡೆಗೆ ಹೊರಟರು. ದೂರದಿಂದ ಆಮೆಯ ಬೆನ್ನಿನಂತೆ ತೋರುವ ನಡುಗಡ್ಡೆ, ಮೇಲೆ ನರಸಿಂಹಸ್ವಾಮಿಯ ಗುಡಿ, ಜನವರಿಯಲ್ಲಿ ಜಾತ್ರೆ. ಎಲ್ಲರೂ ತೇಲುಜಾಕೀಟು ತೊಟ್ಟ ಹೊರತು ಲಂಗರು ಎತ್ತುವುದಿಲ್ಲವೆಂದು ದೋಣಿಯಾತ ಖಂಡಿತವಾಗಿ ಹೇಳಿದ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನೈದಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡದ್ದನ್ನು ಆ ದಂಡೆ ಮರೆತಿಲ್ಲ.

ಅಳಿವೆಯನ್ನು ದಾಟಿ ಅರ್ಧ ಗಂಟೆಯಾದರೂ ಡಾಲ್ಫಿನ್‌ಗಳ ಸುಳಿವಿಲ್ಲ. ದೂರದಲ್ಲಿ ಕಪ್ಪಗೆ ಏನೋ ಹೊರಳಿದಂತಾಯಿತು. ಮಕ್ಕಳು ಕೂಗಿದರು, ತಂದೆ, “ಬೇಗ ಆ ಕಡೆಗೆ ಬಿಡಪ್ಪ” ಎಂದರು. ದೋಣಿಯಾತ ಯಂತ್ರವನ್ನೇ ನಿಲ್ಲಿಸಿಬಿಟ್ಟ.

“ಬೆನ್ನು ಹತ್ತಿದರೆ ಮುಳುಗಿ ಹೋಗ್ತಾವೆ ಸಾಹೇಬ್ರೆ. ಸುಮ್ಮನೆ ಕೂತರೆ ಅವೇ ಬರ್ತಾವೆ.”

ದೋಣಿ ಅಲೆಗಳ ಮೇಲೆ ತೂಗುತ್ತ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಒಮ್ಮೆಗೆ ಬಲಮಗ್ಗುಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟಂತೆ ‘ಹುಶ್’ ಎಂಬ ಸದ್ದು. ಬೂದುಬಣ್ಣದ ಗೂನುಬೆನ್ನೊಂದು ನೀರಿನಿಂದ ಎದ್ದು ನಿಧಾನವಾಗಿ ಬಾಗಿ ಮರೆಯಾಯಿತು. ಅದರ ಒತ್ತಿನಲ್ಲಿಯೇ ಇನ್ನೊಂದು ಚಿಕ್ಕದು. ತಾಯಿ, ಮರಿ. ಇವು ಮೀನಿನ ಆಕಾರದವಾದರೂ ಮೀನುಗಳಲ್ಲ. ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡಿ, ಮರಿಗೆ ಹಾಲೂಡುವ ಪ್ರಾಣಿಗಳು. ನದಿಗಳ ಬಾಯಿಯಂತಹ ಆಳವಿಲ್ಲದ ನೀರೇ ಅವುಗಳಿಗೆ ಪ್ರಿಯ. ಆದ್ದರಿಂದಲೇ ಬಲೆಗೂ ಬಂದರಿಗೂ ಯಂತ್ರದ ದೋಣಿಗಳಿಗೂ ಅವು ಬಹು ಹತ್ತಿರದಲ್ಲಿ ಬಾಳಬೇಕಾಗಿದೆ. ಆ ಜೋಡಿ ನಾಲ್ಕೈದು ಬಾರಿ ಉಸಿರು ತೆಗೆದುಕೊಂಡು ದೋಣಿಯ ಮುಂದೆಯೇ ಹಾದುಹೋಯಿತು. ಚಿತ್ರ ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಹಿಂದಿರುಗುವಾಗ ನಡುಗಡ್ಡೆಯ ಎತ್ತರದ ಮರವೊಂದರಿಂದ ದೊಡ್ಡ ಹಕ್ಕಿಯೊಂದು ರೆಕ್ಕೆ ಬಿಚ್ಚಿತು. ಬಿಳಿಯ ಹೊಟ್ಟೆ, ಬೂದು ರೆಕ್ಕೆ. ಗರುಡನಿಗಿಂತ ಬಹಳ ದೊಡ್ಡದು. ಅದು ಬಿಳಿಹೊಟ್ಟೆಯ ಕಡಲಹದ್ದು. ಒಂದೇ ಗೂಡಿಗೆ ವರ್ಷ ವರ್ಷವೂ ಕಡ್ಡಿ ಸೇರಿಸುತ್ತ ಅದನ್ನು ಮಂಚದಷ್ಟು ಹಿಗ್ಗಿಸಿಕೊಳ್ಳುವ ಹಕ್ಕಿ. “ಅದಕ್ಕೆ ಸ್ವಂತ ಮನೆಯಿದೆ” ಎಂದ ಮಗ. ಮಕ್ಕಳಿಗೆ ತಿಳಿದಿಲ್ಲವೆಂದು ಭಾವಿಸಿದ್ದ ಸಂಗತಿ ಅವರಿಗೆ ತಿಳಿದಿದೆಯೆಂಬುದು ತಾಯಿಗೆ ಆಗ ಗೊತ್ತಾಯಿತು.

ಆಮೆಮರಿಗಳ ನಡಿಗೆ

ಮೂರನೆಯ ದಿನ ನಸುಕಿನಲ್ಲಿ ಕಾಳಿ ನದಿಯನ್ನು ದಾಟಿ ದೇವಬಾಗದ ಮರಳಿಗೆ ಹೋದರು. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುತ್ತಿದ್ದ ಕಡಲಾಮೆಯ ಗೂಡೊಂದರಲ್ಲಿ ರಾತ್ರಿ ಮರಿಗಳು ಮೇಲೆದ್ದಿದ್ದವು. ಆಲಿವ್ ರಿಡ್ಲೆ ಎಂಬ ಜಾತಿಯ ಈ ಆಮೆಗಳು ಚಳಿಗಾಲದ ರಾತ್ರಿಗಳಲ್ಲಿ ದಂಡೆಗೆ ಬಂದು, ಮರಳು ಅಗೆದು, ನೂರರ ಮೇಲೆ ಮೊಟ್ಟೆಯಿಟ್ಟು ಮುಚ್ಚಿ ಹೊರಟುಹೋಗುತ್ತವೆ. ನಲವತ್ತೈದರಿಂದ ಅರವತ್ತು ದಿನ ಮರಳೇ ಅವುಗಳಿಗೆ ತಾಯಿ. ಮರಳು ಹೆಚ್ಚು ಕಾದರೆ ಹೆಣ್ಣು, ತಂಪಾಗಿದ್ದರೆ ಗಂಡು. ಹಿಂದೆ ಈ ಮೊಟ್ಟೆಗಳನ್ನು ಅಗೆದು ಒಯ್ಯುವುದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಇವಕ್ಕೆ ಅತ್ಯುನ್ನತ ರಕ್ಷಣೆ ಕೊಟ್ಟಿದೆ. ಗೂಡಿನ ಸುಳಿವನ್ನು ಇಲಾಖೆಗೆ ತಿಳಿಸುವವರು ಈಗ ಮೀನುಗಾರರೇ.

ಕಾವಲುಗಾರರು ಎಲ್ಲರನ್ನೂ ಹಗ್ಗದ ಹಿಂದೆ ನಿಲ್ಲಿಸಿದರು. ಕೈದೀಪ ಬೇಡ, ಮೊಬೈಲಿನ ಬೆಳಕೂ ಬೇಡ. ಮರಿಗಳು ಬೆಳಕಿರುವ ಕಡೆಯೇ ಕಡಲೆಂದು ನಂಬಿ ನಡೆಯುತ್ತವೆ, ದಾರಿದೀಪವನ್ನು ಕಂಡರೆ ಊರಿನ ಕಡೆಗೇ ತಿರುಗಿಬಿಡುತ್ತವೆ. ಬೆರಳುದ್ದವೂ ಇಲ್ಲದ ಕರಿಯ ಮರಿಗಳು ಮರಳಿನ ಮೇಲೆ ಹುಟ್ಟುಹಾಕುತ್ತ ಹೊರಟವು. ಮನುಷ್ಯನ ಹೆಜ್ಜೆಯ ಗುರುತೊಂದು ಅವುಗಳಿಗೆ ಹಳ್ಳ; ಬಿದ್ದು, ಹೊರಳಿ, ಎದ್ದು ಮತ್ತೆ ನಡೆದವು. ಒಂದು ಮರಿ ಎಲ್ಲಕ್ಕಿಂತ ಹಿಂದೆ ಉಳಿಯಿತು. ಕಾಗೆಗಳು ಆಗಲೇ ಗಾಳಿಮರಕ್ಕೆ ಬಂದು ಕುಳಿತಿದ್ದವು.

“ಅದೊಂದನ್ನು ನಾನು ನೀರಿಗೆ ಬಿಟ್ಟುಬರಲೇ?” ಎಂದು ಮಗಳು ಅಂಗಲಾಚಿದಳು.

“ಬೇಡಮ್ಮ. ಅದು ತಾನೇ ನಡೀಬೇಕು. ಕಾಗೆ ಬಂದರೆ ಓಡಿಸು, ಅಷ್ಟು ಸಾಕು” ಎಂದರು ಕಾವಲುಗಾರರು. ಈ ಮೊದಲ ನಡಿಗೆಯಲ್ಲಿಯೇ ಮರಿ ಹುಟ್ಟಿದ ದಂಡೆಯ ಗುರುತನ್ನು ಹಿಡಿದುಕೊಳ್ಳುತ್ತದೆಂದು ತಜ್ಞರ ಊಹೆ. ಬದುಕಿ ಬೆಳೆದ ಹೆಣ್ಣಾಮೆ ಹತ್ತು ಹದಿನೈದು ವರ್ಷಗಳ ಅನಂತರ ಸಾವಿರಾರು ಮೈಲಿ ತಿರುಗಿ, ಮೊಟ್ಟೆಯಿಡಲು ತಾನು ಹುಟ್ಟಿದ ತೀರಕ್ಕೇ ಮರಳುತ್ತದೆ. ಆದರೆ ಹಾಗೆ ಬೆಳೆಯುವುದು ಸಾವಿರಕ್ಕೊಂದೋ ಎನ್ನುವಷ್ಟು ವಿರಳ. ಮಗಳು ಎರಡು ಕೈಗಳನ್ನೂ ಬೀಸುತ್ತ ಕಾಗೆಗಳನ್ನು ಕಾದಳು. ಹಿಂದುಳಿದ ಮರಿ ಒದ್ದೆ ಮರಳನ್ನು ಮುಟ್ಟಿತು. ಅಲೆಯೊಂದು ಬಂದು ಅದನ್ನು ಹಿಂದಕ್ಕೆ ತಳ್ಳಿತು. ಎರಡನೆಯ ಅಲೆ ಎತ್ತಿಕೊಂಡು ಹೋಯಿತು. ಮಗಳು ಬೆರಳೆಣಿಸಿ ಲೆಕ್ಕ ಹಾಕಿದಳು: ಅದು ಮರಳಿ ಬರುವಾಗ ತನಗೆ ಇಪ್ಪತ್ತೈದು ದಾಟಿರುತ್ತದೆ. “ಈ ಮರಳು ಹೀಗೇ ಇರಬೇಕಲ್ಲ” ಎಂದರು ಅಜ್ಜಿ.

ಮರಳುವಾಗ ಅವರು ಕಾಳಿಯ ಹಳೆಯ ಸೇತುವೆಯ ಮೇಲೆ ಬಂದರು. ನಾಲ್ಕು ದಶಕಗಳಷ್ಟು ನಿಂತಿದ್ದ ಅದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ನದಿಗೆ ಬಿದ್ದಿತು. ಮನುಷ್ಯ ಕಟ್ಟಿದ್ದಕ್ಕೂ ಆಯುಸ್ಸಿದೆ.

ಬಾಡಿಗೆಯ ಶಂಖ

ಅಂದು ಸಂಜೆ ಮಗನಿಗೆ ದಂಡೆಯ ಬಂಡೆಗಳ ಸಂದಿಯಲ್ಲಿ ಒಂದು ಶಂಖ ಸಿಕ್ಕಿತು. ನೆಲ್ಲಿಕಾಯಿಯ ಗಾತ್ರ, ಕಂದು ಪಟ್ಟೆ, ಒಳಗೆ ಮುತ್ತಿನ ಹೊಳಪು. ಬರಿದಾಗಿದ್ದ ಕೋಡುಬಳೆಯ ಡಬ್ಬಿಯಲ್ಲಿ ಒದ್ದೆ ಮರಳು ಹಾಕಿ ಅದನ್ನು ಇಟ್ಟು, ಯಾರಿಗೂ ಹೇಳದೆ ಚೀಲದ ತಳದಲ್ಲಿ ಅಡಗಿಸಿದ. ಮರುದಿನ ಬೆಳಗಿನ ಜಾವಕ್ಕೆ ಹೊರಡುವ ರೈಲು. ಎಲ್ಲರೂ ಬೇಗನೆ ಮಲಗಿದರು.

ಮೂರು ಗಂಟೆಯ ಸುಮಾರಿಗೆ ಅಜ್ಜಿಗೆ ಎಚ್ಚರವಾಯಿತು. ಚೀಲದೊಳಗಿನಿಂದ ‘ಕರ ಕರ’ ಸದ್ದು. ದೀಪ ಹಾಕಿ ಡಬ್ಬಿ ತೆರೆದರೆ ಶಂಖ ನಡೆಯುತ್ತಿತ್ತು! ಕೆಂಪು ಕಾಲುಗಳು, ಕಡ್ಡಿಯ ತುದಿಗೆ ಮೆಣಸಿಟ್ಟಂತಹ ಕಣ್ಣುಗಳು. ತಗಡಿನ ಗೋಡೆಯನ್ನು ಹತ್ತುತ್ತಿತ್ತು, ಜಾರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಮಗ ಎದ್ದು ಕುಳಿತು ಅಳತೊಡಗಿದ.

ಅದು ಸನ್ಯಾಸಿ ಏಡಿ. ಹೆಸರು ಸನ್ಯಾಸಿಯಾದರೂ ಅದು ನಿಜವಾಗಿ ಬಾಡಿಗೆದಾರ. ಅದರ ಹಿಂಭಾಗ ಬಹು ಮೃದು; ಮೈಗೆ ಸ್ವಂತದ ಚಿಪ್ಪಿಲ್ಲ. ಸತ್ತ ಶಂಖದ ಹುಳು ಬಿಟ್ಟುಹೋದ ಮನೆಯೊಳಗೆ ಹೊಕ್ಕು ಬಾಳುತ್ತದೆ. ಮೈ ಬೆಳೆದಂತೆ ಮನೆ ಇಕ್ಕಟ್ಟಾಗುತ್ತದೆ. ಆಗ ದೊಡ್ಡ ಶಂಖವನ್ನು ಹುಡುಕಬೇಕು. ದೊಡ್ಡದೊಂದು ಖಾಲಿ ಶಂಖ ದಂಡೆಗೆ ಬಿದ್ದರೆ ಏಡಿಗಳು ಗಾತ್ರಾನುಸಾರ ಸಾಲಾಗಿ ಕಾದು ನಿಲ್ಲುವುದೂ ಉಂಟು. ಮೊದಲನೆಯದು ಹೊಸ ಮನೆಗೆ, ಎರಡನೆಯದು ಮೊದಲನೆಯದರ ಮನೆಗೆ, ಮೂರನೆಯದು ಎರಡನೆಯದರ ಮನೆಗೆ. ಕ್ಷಣಮಾತ್ರದಲ್ಲಿ ಇಡೀ ಸಾಲು ಮನೆ ಬದಲಾಯಿಸುತ್ತದೆ. ಪ್ರವಾಸಿಗರು ಆರಿಸಿಕೊಂಡು ಹೋಗುವ ಖಾಲಿ ಶಂಖವೂ ನಿಜವಾಗಿ ಖಾಲಿಯಲ್ಲ. ಅದಕ್ಕಾಗಿ ಯಾರೋ ಕಾಯುತ್ತಿರುತ್ತಾರೆ.

“ರೈಲಿಗೆ ಹೊತ್ತಾಗುತ್ತದೆ. ಕಿಟಕಿಯಿಂದ ಗಾಳಿಮರದ ಬುಡಕ್ಕೆ ಬಿಟ್ಟರಾಯಿತು” ಎಂದರು ತಂದೆ. ನಿಲ್ದಾಣ ಊರಿನ ಹೊರಗಿನ ಶಿರವಾಡದಲ್ಲಿ. ರೈಲು ತಪ್ಪಿದರೆ ಟಿಕೆಟ್ಟಿನ ಹಣ ಹೋಗುತ್ತದೆ, ಕಚೇರಿಯ ರಜೆಯೂ ಮುಗಿದಿದೆ.

ಅಜ್ಜಿ ಆಗಲೇ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು. “ನಾವು ಬಾಡಿಗೆ ಮನೆಯವರು ಕಣೋ. ಇನ್ನೊಬ್ಬರನ್ನು ಮನೆಯ ಸಮೇತ ಎತ್ತಿಕೊಂಡು ಹೋಗಬಾರದು. ತಂದಲ್ಲಿಗೇ ಬಿಟ್ಟು ಬರೋಣ” ಎಂದರು. ತಂದೆ ಮರುಮಾತಾಡಲಿಲ್ಲ.

ಸಾಮಾನನ್ನು ಆಟೋರಿಕ್ಷಾದಲ್ಲಿ ತುಂಬಿ, ಅದನ್ನು ದಂಡೆಯ ಬಳಿ ನಿಲ್ಲಿಸಿ, ಕತ್ತಲೆಯಲ್ಲಿ ಐವರೂ ಬಂಡೆಗಳ ಕಡೆಗೆ ನಡೆದರು. ಮಗ ಡಬ್ಬಿಯನ್ನು ಒರಗಿಸಿ ನೀರಿನ ಅಂಚಿನಲ್ಲಿ ಹಿಡಿದ. ಬಹಳ ಹೊತ್ತು ಶಂಖ ಅಲುಗಲಿಲ್ಲ. ಆಟೋರಿಕ್ಷಾದವನು ಎರಡು ಬಾರಿ ಹಾರ್ನ್ ಹಾಕಿದ. ಕೊನೆಗೆ ಒಂದು ಕಾಲು ಹೊರಬಂತು, ಇನ್ನೊಂದು. ಏಡಿ ಮರಳಿಗಿಳಿದು, ಎಲ್ಲಿಯೂ ತಂಗದೆ ಬಂಡೆಯ ಸಂದಿಯೊಳಗೆ ಹೋಯಿತು. ರೈಲು ಸಿಕ್ಕಿತು; ಏದುಸಿರಿನಿಂದ ಹತ್ತಿದ ಎರಡೇ ನಿಮಿಷಕ್ಕೆ ಅದು ಹೊರಟಿತು.

ಮೇ ತಿಂಗಳಲ್ಲಿ ಆ ಸಂಸಾರಕ್ಕೆ ಆರ್.ಟಿ. ನಗರದಲ್ಲಿಯೇ ಎರಡು ಬೀದಿಯಾಚೆ ಮನೆ ದೊರಕಿತು. ಹೋದ ದಿನ ಅಲ್ಲಿಯ ಹಳೆಯ ಬಾಡಿಗೆದಾರರ ಸಾಮಾನು ಇನ್ನೂ ಲಾರಿಗೆ ಏರುತ್ತಿತ್ತು. ಇತ್ತ ಇವರು ಬಿಟ್ಟುಬಂದ ಮನೆಯ ಮುಂದೆ ಇನ್ನೊಂದು ಸಂಸಾರ ಹಾಸಿಗೆ ಪಾತ್ರೆಗಳೊಡನೆ ಆಗಲೇ ಬಂದು ಕಾದಿತ್ತು. ಮಗ ಬೀದಿಯ ಈ ತುದಿಯಿಂದ ಆ ತುದಿಗೆ ನೋಡಿ, “ಅಜ್ಜೀ, ಸಾಲು!” ಎಂದು ಕೂಗಿದ. ಮನೆ ಬದಲಾಯಿಸುವ ದಿನ ಆ ಮನೆಯಲ್ಲಿ ನಗೆ ಕೇಳಿಸಿದ್ದು ಅದೇ ಮೊದಲ ಸಲ. ಕೋಡುಬಳೆಯ ಡಬ್ಬಿ ಹೊಸ ಮನೆಯ ಅಡುಗೆಮನೆಯನ್ನು ಸೇರಿತು. ಎಷ್ಟು ತೊಳೆದರೂ ಅದರ ಅಂಚಿನಲ್ಲಿ ಕಾರವಾರದ ಮರಳು ಒಂದಿಷ್ಟು ಉಳಿದೇ ಇತ್ತು.